ನಮ್ಮ ಪೇಟೆ ಬೀದಿಗೆ ಸಾಲ ಬೇಡವೆಂದು ಬರೆದುಕೊಂಡವರಿಗೆ

ಗಂಡಸಿ, ೫ ಫೆಬ್ರವರಿ ೨೦೦೪

ಜಿಲ್ಲೆಯ ವ್ಯಾಪಾರ ಸಾಲಗಳ ಉಸ್ತುವಾರಿ ಹೊತ್ತಿರುವ ಬ್ಯಾಂಕಿನ ಹಿರಿಯ ಅಧಿಕಾರಿಗಳಿಗೆ,

ಮಾನ್ಯರೇ ಎಂದು ಶುರು ಮಾಡಬೇಕೆಂದು ಅರಸೀಕೆರೆಯ ಹೈಸ್ಕೂಲಿನಲ್ಲಿ ನಮಗೆ ಪತ್ರಲೇಖನ ಕಲಿಸಿದ ಮೇಷ್ಟರು ಹೇಳಿದ್ದರು. ಅವರ ಮಾತು ಮೀರುವವಳಲ್ಲ ನಾನು. ಆದ್ದರಿಂದ, ಮಾನ್ಯರೇ.

ನನ್ನ ಸೊಸೆ ಶರ್ಮಿಳಾ ಒಂದು ಲಕ್ಷ ನಲವತ್ತು ಸಾವಿರ ರೂಪಾಯಿ ವ್ಯಾಪಾರ ಸಾಲ ಕೇಳಿ ಗಂಡಸಿಯ ನಿಮ್ಮ ಶಾಖೆಗೆ ಅರ್ಜಿ ಕೊಟ್ಟಳು. ಹದಿನೇಳು ದಿನಕ್ಕೆ ಅರ್ಜಿ ವಾಪಸು ಬಂತು. ಮೂಲೆಯಲ್ಲಿ ಕೆಂಪು ಶಾಯಿಯ ಷರಾ: “ಈ ಪ್ರದೇಶದಲ್ಲಿ ವ್ಯಾಪಾರ ಸಾಲಕ್ಕೆ ಬೇಡಿಕೆ ಇರುವುದಿಲ್ಲವಾದ ಕಾರಣ ಪರಿಗಣಿಸಲಾಗಿಲ್ಲ.” ನಾನು ಎಸ್ಸೆಸ್ಸೆಲ್ಸಿಯನ್ನು ಒಂದೇ ಏಟಿಗೆ ಪಾಸು ಮಾಡಿದವಳು. ಆದರೂ ಆ ವಾಕ್ಯವನ್ನು ನಾಲ್ಕು ಸಲ ಓದಬೇಕಾಯಿತು. ಸಾಲ ಬೇಕು ಎಂದು ಬರೆದ ಕಾಗದದ ಮೇಲೆಯೇ, ಇಲ್ಲಿ ಯಾರಿಗೂ ಸಾಲ ಬೇಡ ಎಂದು ಬರೆಯುವುದಕ್ಕೆ ಒಂದು ಬಗೆಯ ಧೈರ್ಯ ಬೇಕು. ಎಲೆ ಮುಂದೆ ಕೂತವಳಿಗೆ, ಈ ಮನೆಯಲ್ಲಿ ಯಾರಿಗೂ ಹಸಿವಿಲ್ಲ ಎಂದು ಹೇಳಿ ಎಲೆ ಎತ್ತಿಕೊಂಡು ಹೋದ ಹಾಗಿದೆ ಇದು.

ಇದು ಯಾರೋ ಗುಮಾಸ್ತರ ಕೈತಪ್ಪು ಅಂದುಕೊಂಡಿದ್ದೆ. ಅಲ್ಲವಂತೆ. ಕಳೆದ ತಿಂಗಳು ಹಾಸನದ ವರ್ತಕರ ಸಭೆಯಲ್ಲಿ ತಾವು ಮಾಡಿದ ಭಾಷಣ, ನಾನು ಈ ಕಾಗದ ಕಳಿಸುತ್ತಿರುವ ಇದೇ ಪತ್ರಿಕೆಯಲ್ಲಿ ಮೂರು ಕಾಲಂ ಬಂದಿತ್ತು. ನಮ್ಮ ಯಜಮಾನರು ಕರಿಬಸವಯ್ಯನವರು ಪೇಪರನ್ನು ಜೋರಾಗಿ ಓದುವವರು; ಪಕ್ಕದ ಮನೆಯವರು ಪೇಪರು ತರಿಸುವುದನ್ನು ನಿಲ್ಲಿಸಿ ಎರಡು ವರ್ಷವಾಯಿತು. ಅವರು ಓದಿದ್ದರಿಂದ ನನಗೆ ತಿಳಿದದ್ದು ಇಷ್ಟು. ಒಂದು ಊರಿನ ಆರ್ಥಿಕ ಸ್ಥಿತಿ ತಿಳಿಯಬೇಕಾದರೆ ಅಲ್ಲಿನ ವ್ಯಾಪಾರಸ್ಥರು ಎಷ್ಟು ಸಾಲ ಕೇಳುತ್ತಾರೆ ಎಂದು ನೋಡಿದರೆ ಸಾಕು. ಸಾಲದ ಬೇಡಿಕೆಯೇ ಆರ್ಥಿಕತೆಯ ನಾಡಿ. ಗಂಡಸಿಯಲ್ಲಿ ಎರಡು ವರ್ಷದಿಂದ ಬೇಡಿಕೆ ಸೊನ್ನೆ, ಅಂದರೆ ಅಲ್ಲಿ ವ್ಯಾಪಾರ ಮಲಗಿದೆ. ನಾಡಿ ಸಿಗದ ಕಡೆ ಔಷಧಿ ಕೊಡುವುದು ದಂಡ. ಆದ್ದರಿಂದ ಏಪ್ರಿಲ್ ಒಂದರಿಂದ ಅಲ್ಲಿನ ವ್ಯಾಪಾರ ಸಾಲದ ಮೇಜನ್ನು ಹಾಸನಕ್ಕೆ ಎತ್ತಲಾಗುವುದು.

“ನಮ್ಮ ಯಾಪಾರ ಮಲಗೈತಂತೆ ಕಣೇ,” ಎಂದರು ಯಜಮಾನರು.

ಆಗ ಬೆಳಿಗ್ಗೆ ಒಂಬತ್ತೂವರೆ. ನಮ್ಮ ಪೇಟೆ ಬೀದಿಯಲ್ಲಿ ಗೊಬ್ಬರದ ಲಾರಿಗೂ ತೆಂಗಿನಕಾಯಿ ಟೆಂಪೋಗೂ ಎದುರುಬದುರು ಸಿಕ್ಕಿಕೊಂಡು, ಹಿಂದೆ ಹಾಸನದ ಬಸ್ಸು ನಿಂತು, ಮೂವರು ಡ್ರೈವರುಗಳೂ ಒಬ್ಬರ ವಂಶವನ್ನು ಇನ್ನೊಬ್ಬರು ವಿಚಾರಿಸಿಕೊಳ್ಳುತ್ತಿದ್ದರು. ಮಲಗಿದ ವ್ಯಾಪಾರ ಇಷ್ಟು ಗದ್ದಲ ಮಾಡುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ತಮ್ಮ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳುತ್ತಿಲ್ಲ. ನಲವತ್ತೆರಡು ವರ್ಷದಿಂದ ಕೊಬ್ಬರಿ ವ್ಯಾಪಾರದ ಮನೆಯಲ್ಲಿದ್ದೇನೆ. ನಾಳೆ ಗಿರಾಕಿ ಬರುತ್ತಾನೆ ಎಂಬ ನಂಬಿಕೆ ಇದ್ದವನು ಇವತ್ತು ದುಡ್ಡು ಹುಡುಕುತ್ತಾನೆ. ಆ ನಂಬಿಕೆ ಇಲ್ಲದವನು ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು ಕೂರುತ್ತಾನೆ. ಅಷ್ಟರ ಮಟ್ಟಿಗೆ ತಾವು ಹೇಳಿದ ನಾಡಿ ನಾಡಿಯೇ. ನನ್ನ ತಕರಾರು ಇರುವುದು ತಾವು ಅದನ್ನು ಹಿಡಿದು ನೋಡಿದ ರೀತಿಯ ಮೇಲೆ. ಕಂಬಳಿಯ ಮೇಲಿಂದ ಮುಟ್ಟಿ ನಾಡಿ ಸಿಗಲಿಲ್ಲ ಎಂದು ಹೊರಟುಬಿಟ್ಟಿದ್ದೀರಿ.

ಮೊದಲು ಶರ್ಮಿಳಾಳ ವಿಷಯ ಹೇಳುತ್ತೇನೆ. ಅವಳು ಹಗರೆಯ ಕಡೆಯವಳು, ಪಿಯುಸಿ ಓದಿದ್ದಾಳೆ. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಟ್ಟು, ನೀರು ಇಂಗಿ, ಅಲ್ಲಾಡಿಸಿದರೆ ಒಳಗೆ ಒಣಗಿದ ಕೊಬ್ಬರಿ ಗಿಟುಕು ಸದ್ದು ಮಾಡುವ ತನಕ ಕಾಯುತ್ತೇವೆಂದು ತಮಗೆ ಗೊತ್ತಿರಬಹುದು. ಒಡೆದಾಗ ಇಡಿಯಾಗಿ ಬಂದ ಗಿಟುಕಿಗೆ ಮಂಡಿಯಲ್ಲಿ ಬೆಲೆ. ಚೂರಾದದ್ದಕ್ಕೆ ಅರ್ಧ ಬೆಲೆಯೂ ಇಲ್ಲ. ಮೂರು ವರ್ಷದ ಹಿಂದೆ ಇವಳು ಆ ಚೂರನ್ನೆಲ್ಲ ತುರಿದು, ಕಾಲು ಕೆಜಿ ಪ್ಯಾಕೆಟ್ ಮಾಡಿ, ಬೇಲೂರಿನ ಒಂದು ಬೇಕರಿಗೆ ಕೊಟ್ಟುಬಂದಳು. ನಾನು ನಕ್ಕಿದ್ದೆ.

“ತುರಿದ ಕೊಬ್ಬರಿ ದುಡ್ಡು ಕೊಟ್ಟು ತಗಳ್ಳೋರು ಯಾರೇ? ಅವರ ಮನೇಲಿ ತುರಿಯೋ ಮಣೆ ಇಲ್ವಾ?”

“ಮಣೆ ಇದೆ ಅತ್ತೆ. ತುರಿಯೋರು ಇಲ್ಲ.”

ಅವಳು ಹೇಳಿದ್ದೇ ಸರಿಯಾಯಿತು. ಈಗ ನಮ್ಮ ಹಿತ್ತಲಿನ ಚಪ್ಪರದಲ್ಲಿ ಆರು ಹೆಂಗಸರು ಕೂತು ತುರಿಯುತ್ತಾರೆ. ತಿಂಗಳಿಗೆ ಅರವತ್ತು ಕೆಜಿ ಹೋಗುತ್ತದೆ. ಆ ಬೇಕರಿಯವರು ಹಳೇಬೀಡಿನಲ್ಲೂ ಹಗರೆಯಲ್ಲೂ ಹೊಸ ಅಂಗಡಿ ತೆರೆಯುತ್ತಿದ್ದಾರೆ. ಯುಗಾದಿಯಿಂದ ತಿಂಗಳಿಗೆ ಇನ್ನೂರು ಕೆಜಿ ಬೇಕು, ಆಗದಿದ್ದರೆ ಈಗಲೇ ಹೇಳಿಬಿಡಿ, ಬೇರೆ ಕಡೆ ನೋಡಿಕೊಳ್ಳುತ್ತೇವೆ ಅಂದಿದ್ದಾರೆ. ಇನ್ನೂರು ಕೆಜಿ ಎಂಬ ಮಾತು ಚಪ್ಪರದಲ್ಲಿ ಬಂದಾಗ, ಎಲ್ಲರಿಗಿಂತ ಚುರುಕಾಗಿ ತುರಿಯುವ ದ್ಯಾವಮ್ಮ ತಲೆ ಎತ್ತದೆ ಹೇಳಿದಳು: “ಅಷ್ಟ್ ತುರಿದ್ರೆ ಕೊಬ್ರಿ ಜತೀಗೆ ನನ್ ಕೈಬೆಳ್ಳೂ ಹೋಯ್ತವೆ ಕಣವ್ವ. ಪಾಕೀಟ್ ಮ್ಯಾಲೆ ಬರಕಳಿ.” ಆದ್ದರಿಂದ ತುರಿಯುವ ಯಂತ್ರ, ಪ್ಯಾಕೆಟ್ಟಿನ ಬಾಯಿ ಮುಚ್ಚುವ ಯಂತ್ರ. ಎರಡಕ್ಕೂ ಸೇರಿ ಬೇಕಾದದ್ದರಲ್ಲಿ ಐವತ್ತು ಸಾವಿರ ಅವಳೇ ಕೂಡಿಟ್ಟಿದ್ದಾಳೆ. ಮಿಕ್ಕದ್ದಕ್ಕೆ ಅರ್ಜಿ. ಕೆಂಪು ಶಾಯಿ ಬಿದ್ದದ್ದು ಈ ಅರ್ಜಿಯ ಮೇಲೆ.

ಅಷ್ಟು ದೊಡ್ಡ ಮನೆಯಲ್ಲಿ ಅಷ್ಟು ದುಡ್ಡಿಲ್ಲವೇ ಎಂದು ತಾವು ಕೇಳಬಹುದು. ನುಸಿ ರೋಗ ಬಂದ ಮೇಲೆ ಕಾಯಿ ಸಣ್ಣದಾಗಿದೆ, ರೇಟು ಬಿದ್ದಿದೆ, ನಮ್ಮ ದುಡ್ಡೆಲ್ಲ ಅಟ್ಟದ ಮೇಲೆ ಕೂತಿದೆ. ಆದರೂ ನಾನು ಕೈಯ ಬಳೆ ನಾಲ್ಕನ್ನೂ ತೆಗೆದು ಅವಳ ಮುಂದೆ ಇಟ್ಟೆ. ಅವಳು ಮುಟ್ಟಲಿಲ್ಲ.

“ನಿಮ್ಮ ಬಳೆ ಅಡ ಇಟ್ಟು ಮಿಷನ್ ತಂದ್ರೆ ಅದು ನಿಮ್ಮ ಮಿಷನ್ ಆಗುತ್ತೆ ಅತ್ತೆ. ಬ್ಯಾಂಕ್ ದುಡ್ಡಲ್ಲಿ ತಂದ್ರೆ ನಂದು.”

ಹೇಳಿದ ರೀತಿಗೆ ನನಗೆ ಕೋಪ ಬಂತು. ಹೇಳಿದ ಮಾತು ಸರಿಯಾಗಿತ್ತು. ಬಳೆ ಹಾಕಿಕೊಂಡು, ಸೆರಗು ಹೊದ್ದು, ಅವಳನ್ನೂ ಹೊರಡಿಸಿಕೊಂಡು ಬ್ಯಾಂಕಿಗೆ ಹೋದೆ.

ಶಾಖೆಯ ಮ್ಯಾನೇಜರು ಮರ್ಯಾದಸ್ಥರು. ಕುರ್ಚಿ ಕೊಟ್ಟರು, ಫ್ಯಾನು ನನ್ನ ಕಡೆ ತಿರುಗಿಸಿದರು. ಆಮೇಲೆ, “ಅಮ್ಮಾ, ಇಲ್ಲಿ ಡಿಮ್ಯಾಂಡ್ ಇಲ್ಲ ಅಂತ ಮೇಲಿಂದ ಬಂದಿದೆ,” ಅಂದರು.

“ಇವಳು ಕೇಳ್ತಾ ಇದಾಳಲ್ಲಪ್ಪ. ಇದು ಡಿಮ್ಯಾಂಡ್ ಅಲ್ವಾ?”

“ಇವರು ಒಬ್ಬರು ಅಮ್ಮಾ. ಒಬ್ಬರನ್ನ ಡಿಮ್ಯಾಂಡ್ ಅನ್ನೋಕಾಗಲ್ಲ.”

“ಎಷ್ಟು ಜನ ಆದ್ರೆ ಆಯ್ತದೆ?”

ಅದು ಅವರಿಗೂ ಗೊತ್ತಿರಲಿಲ್ಲ. ಎರಡು ವರ್ಷದಿಂದ ಈ ಶಾಖೆಗೆ ವ್ಯಾಪಾರ ಸಾಲದ ಫಾರಂಗಳನ್ನೇ ಕಳಿಸಿಲ್ಲವಂತೆ. ಬೇಡಿಕೆ ಇಲ್ಲದ ಕಡೆಗೆ ಫಾರಂ ಯಾಕೆ? ಶರ್ಮಿಳಾಳಿಗೆ ಕೊಟ್ಟದ್ದು ಬೀರುವಿನ ತಳದಲ್ಲಿ ಸಿಕ್ಕ ಒಂದು ಹಳೆಯ ಫಾರಂ. ಹಾಗಾದರೆ ಬೇಡಿಕೆ ಇಲ್ಲ ಎಂದು ಮೊದಲು ಹೇಳಿದವರು ಯಾರು ಎಂದು ಕೇಳಿದೆ. ಮ್ಯಾನೇಜರು ಒಂದು ಉದ್ದನೆಯ ರಿಜಿಸ್ಟರು ತೆಗೆಸಿ ನನ್ನ ಮುಂದೆ ತಿರುಗಿಸಿ ಇಟ್ಟರು. ಮನೆ ಮನೆ ಸಮೀಕ್ಷೆ, ೨೦೦೨. ಪೇಟೆ ಬೀದಿಯ ಎಂಬತ್ತನಾಲ್ಕು ಅಂಗಡಿ ಮನೆಗಳು. ಮೊದಲನೆಯ ಸಾಲಿನಲ್ಲಿ ದುಂಡಗಿನ ಅಕ್ಷರದಲ್ಲಿ: “ಸುವರ್ಣಮ್ಮ ಕೋಂ ಕರಿಬಸವಯ್ಯ. ಸಾಲ ಬೇಡ.” ಅದರ ಕೆಳಗೆ “ಸದರಿ”. ಅದರ ಕೆಳಗೆ “ಸದರಿ”. ಹಾಳೆ ತಿರುಗಿಸಿದೆ, ಸದರಿ, ಸದರಿ, ಸದರಿ. ಎಂಬತ್ತಮೂರು ಸದರಿ. ಮೇಲಿನವರು ಹೇಳಿದ್ದನ್ನೇ ಕೆಳಗಿನವರೂ ಹೇಳಿದರು ಎಂದು ಅರ್ಥ. ಮೇಲಿನವಳು ನಾನು.

ಶರ್ಮಿಳಾ ರಿಜಿಸ್ಟರನ್ನೂ ನೋಡಿದಳು, ನನ್ನನ್ನೂ ನೋಡಿದಳು. ವಾಪಸು ಬಂದ ಅರ್ಜಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಆ ಸಮೀಕ್ಷೆಯ ದಿನ ನನಗೆ ಚೆನ್ನಾಗಿ ನೆನಪಿದೆ. ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ. ನಮ್ಮ ಬೀದಿಯಲ್ಲಿ ಮಂಗಳವಾರ ಯಾರೂ ಸಾಲದ ಮಾತೆತ್ತುವುದಿಲ್ಲ, ಆ ದಿನ ತಂದ ಸಾಲ ತೀರುವುದಿಲ್ಲವೆಂಬ ನಂಬಿಕೆ. ನಿಮ್ಮ ಗುಮಾಸ್ತರಿಗೆ ಅದು ಗೊತ್ತಿರಲಿಲ್ಲ. ಕನ್ನಡಕದವರು, ಬಗಲಲ್ಲಿ ಈ ರಿಜಿಸ್ಟರು. ನಮ್ಮದು ಬೀದಿಯ ಮೊದಲನೆಯ ಮನೆ. ಜಗಲಿಯ ಕೆಳಗೆ ನಿಂತು, ಎದುರು ಬಳೆ ಅಂಗಡಿಯ ರುದ್ರಮ್ಮನಿಗೂ ಆಚೆ ಕೊಬ್ಬರಿ ಮಂಡಿಯ ಷಡಕ್ಷರಪ್ಪನಿಗೂ ಕೇಳುವಂತೆ, “ಅಮ್ಮಾ, ಬ್ಯಾಂಕಿಂದ ಬಂದಿದೀವಿ. ನಿಮಗೆ ಸಾಲ ಬೇಕಾ?” ಅಂದರು.

ನಾನು ಅವರಿಗಿಂತ ಜೋರಾಗಿ ಅಂದೆ: “ಸಾಲ ಕೇಳೋ ಮನೆ ಥರ ಕಾಣ್ತದೇನಪ್ಪ ಇದು? ಈ ಮನೆ ಹೊಸಲು ದಾಟಿ ಸಾಲ ಅನ್ನೋದು ಒಳಕ್ಕೆ ಬಂದಿಲ್ಲ.”

ಬೀದಿ ಎಂಬತ್ತನಾಲ್ಕು ಕಿವಿಯಿಂದ ಕೇಳಿಸಿಕೊಂಡಿತು. ನಿಮ್ಮವರು ಮುಂದಿನ ಮನೆಗೆ ಹೋದರು.

ಈಗ ಒಂದು ಮಾತಿನ ವಿಚಾರ ತಮಗೆ ತಿಳಿಸಬೇಕು. ಹಾಸನದ ಸಭೆಯಲ್ಲಿ ಅದನ್ನು ಯಾರೂ ತಮಗೆ ಹೇಳಿರಲಾರರು. ನಮ್ಮ ಬೀದಿಯಲ್ಲಿ ವ್ಯಾಪಾರಕ್ಕೆ ತಂದ ದುಡ್ಡನ್ನು ಯಾರೂ ಸಾಲ ಎನ್ನುವುದಿಲ್ಲ. ಮಂಡಿಯವರಿಂದ ತಂದರೆ ಅದು ಮುಂಗಡ. ಅಕ್ಕಪಕ್ಕದವರಿಂದ ತಂದರೆ ಕೈಗಡ. ಸಾಮಾನು ತಂದು ದುಡ್ಡು ಆಮೇಲೆ ಕೊಟ್ಟರೆ ಉದ್ದರಿ. ಸಾಲ ಅಂದರೆ ಬೇರೆ. ಆಸ್ಪತ್ರೆಗೆ ಸೇರಿಸಿದಾಗ, ಮದುವೆ ನಿಂತುಹೋಗುವ ಹಾಗಾದಾಗ, ಬೇರೆ ದಾರಿ ಇಲ್ಲದೆ ಕತ್ತಲಾದ ಮೇಲೆ ಹಿತ್ತಲ ಬಾಗಿಲಿಂದ ಹೋಗಿ ತರುವುದು ಸಾಲ. ನಿಮ್ಮ ಗುಮಾಸ್ತರು ಹಾಡುಹಗಲು ನಿಂತು, ಬಂಡವಾಳ ಬೇಕೇ ಎಂದು ಕೇಳುವ ಬದಲು, ನೀವು ಮುಳುಗಿದ್ದೀರಾ ಎಂದು ಕೇಳಿದರು. ಇಲ್ಲ ಅಂದೆವು. ಅದನ್ನು ತಾವು ತೆಗೆದುಕೊಂಡು ಹೋಗಿ, ಇವರ ವ್ಯಾಪಾರ ಮಲಗಿದೆ ಎಂದು ಓದಿದಿರಿ. ನಾವು ಹೇಳಿದ್ದು ಮುಳುಗಿಲ್ಲ ಎಂದು. ತಾವು ಬರೆದುಕೊಂಡದ್ದು ಎದ್ದಿಲ್ಲ ಎಂದು.

ಮಾತಿನಲ್ಲಿ ತಮ್ಮನ್ನು ಸೋಲಿಸಿ ಮನೆಗೆ ಹೋಗಿ ಕೂರಬಹುದಿತ್ತು. ಆದರೆ ಆ ಎಂಬತ್ತಮೂರು ಸದರಿ ನನ್ನ ಕಣ್ಣ ಮುಂದಿಂದ ಹೋಗಲಿಲ್ಲ. ಹೋದ ವಾರ ಗುರುವಾರ, ಶುಕ್ರವಾರ ಎರಡು ದಿನ ಛತ್ರಿ ಹಿಡಿದು, ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ನಾನೇ ಸಮೀಕ್ಷೆಗೆ ಹೊರಟೆ. ಸಾಲ ಎಂಬ ಮಾತೇ ಎತ್ತಲಿಲ್ಲ. ಅಂಗಡಿಯ ಒಳಗೆ ಹೋಗಿ ಕೂತು ಒಂದೇ ಪ್ರಶ್ನೆ ಕೇಳಿದೆ: ಕೈಯಲ್ಲಿ ಇನ್ನಷ್ಟು ದುಡ್ಡಿದ್ದಿದ್ದರೆ ಏನು ಮಾಡುತ್ತಿದ್ದೆ?

ಸೈಕಲ್ಲು, ಬೈಕು ರಿಪೇರಿ ಮಾಡುವ ಕಲ್ಲೇಶಪ್ಪ ಟ್ಯೂಬು ನೀರಿನಲ್ಲಿ ಅದ್ದುತ್ತಿದ್ದವನು ನನ್ನ ನೋಟ್‌ಬುಕ್ ನೋಡಿ, “ಏನ್ ಸುವರ್ಣಕ್ಕ, ಬ್ಯಾಂಕಲ್ಲಿ ಕೆಲ್ಸ ಸಿಕ್ತಾ?” ಅಂದ.

“ಸಿಕ್ಕಿದ್ರೆ ಮೊದ್ಲು ವಸೂಲಿಗೆ ನಿನ್ನ ಹತ್ರನೇ ಬತ್ತಿದ್ದೆ. ಕೇಳಿದ್ದಕ್ಕೆ ಹೇಳು.”

“ಇನ್ನೊಂದು ಕಂಪ್ರೆಸರ್ ಹಾಕ್ತಿದ್ದೆ. ಒಂದಾಳು ಇಟ್ಕತಿದ್ದೆ. ಬೈಕ್‌ಗಳು ಹೆಂಗೆ ನಿಂತವೆ ನೋಡಿ, ಬೆಳಿಗ್ಗೆ ಬಿಟ್ಟೋದೋರಿಗೆ ಸಂಜೀಗೂ ಕೊಡಾಕಾಗ್ತಿಲ್ಲ.”

“ಮತ್ತೆ ಅವತ್ತು ಬ್ಯಾಂಕಿನೋರು ಬಂದಾಗ ಯಾಕೋ ಬೇಡ ಅಂದೆ?”

“ನೀವೇ ಬ್ಯಾಡ ಅಂದ್ಮೇಲೆ ನಾನು ಬೇಕು ಅಂದ್ರೆ, ಕಲ್ಲೇಶಪ್ಪ ದಿವಾಳಿ ಅಂತ ಸಂಜೆ ಹೊತ್ಗೆ ಊರೆಲ್ಲ ಆಗಿರೋದು. ಗಾಳಿ ಹಾಕಿಸ್ಕಳಾಕೂ ಯಾರೂ ಬತ್ತಿರ್ಲಿಲ್ಲ.”

ರುದ್ರಮ್ಮ ಇನ್ನೂ ನೇರ. ನನ್ನ ಜೊತೆ ಒಂದೇ ಬೆಂಚಿನಲ್ಲಿ ಓದಿದವಳು, ನನಗೆ ಹೆದರುವ ಅಭ್ಯಾಸ ಇಲ್ಲ. “ನೀನು ಅಷ್ಟು ಗಂಟಲು ಹರಿದ್ಕಂಡ ಮೇಲೆ ನಾನು ಬಾಯಿ ಬಿಡ್ಲೇನೇ? ಇನ್ನೊಂದು ಗಾಜಿನ ಬೀರು ಮಾಡಿಸ್ಬೇಕು ಅಂತ ಎರಡು ವರ್ಷದಿಂದ ಐತೆ. ಬರ್ಕೋ. ದೊಡ್ಡಕ್ಷರದಲ್ಲಿ ಬರ್ಕೋ.” ಬರೆದುಕೊಂಡೆ.

ಷಡಕ್ಷರಪ್ಪ ಮಾತ್ರ ಬೇರೆ ಉತ್ತರ ಕೊಟ್ಟ. ಬೀದಿಗೆಲ್ಲ ಮುಂಗಡ ಕೊಡುವ ಮಂಡಿ ಅವನದು. ಕೇಳುವುದಕ್ಕೆ ನನಗೇ ಸಂಕೋಚವಾಗಿತ್ತು. ಅವನು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದ: “ಎಲ್ಲಾರ್ಗಿಂತ ಮುಂಚೆ ನಂಗೇ ಬೇಕು ಕಣಕ್ಕ. ರೇಟು ಬಿದ್ದೈತೆ, ಈಗ ಮಾರಿದ್ರೆ ನಷ್ಟ. ಇಟ್ಕಂಡ್ರೆ ಕಾಯಿ ಹಾಕಿದೋರಿಗೆ ಕೊಡಾಕೆ ಕೈಲಿ ಕಾಸಿಲ್ಲ. ಹೊಸದೇನೂ ಮಾಡಲ್ಲ, ತೂತು ಮುಚ್ಕತೀನಿ ಅಷ್ಟೇ. ನನ್ನ ಹೆಸ್ರು ಬರೀಬ್ಯಾಡ.” ಆ ಮಾತಾಡಿ ಮುಗಿಸಿದ ಮೇಲೆ ಅವನೇ ಮತ್ತೆ, “ಬರ್ಕೋ ಬಿಡು, ಗೊತ್ತಿಲ್ದೆ ಇರೋರು ಯಾರವರೆ,” ಅಂದ.

ಎಂಬತ್ತನಾಲ್ಕು ಮನೆಯಲ್ಲಿ ಐವತ್ತೆಂಟು ಮನೆಯವರು ದುಡ್ಡಿದ್ದಿದ್ದರೆ ಇಂಥದ್ದು ಮಾಡುತ್ತಿದ್ದೆವು ಎಂದು ತಡವರಿಸದೆ ಹೇಳಿದರು. ಅದರಲ್ಲಿ ಮೂವತ್ತೇಳು ಮಂದಿಯದು ಕಲ್ಲೇಶಪ್ಪನ ಥರ. ಗಿರಾಕಿ ಬಂದು ನಿಂತಿದ್ದಾನೆ, ಕೈ ಸಾಲದು. ಇಪ್ಪತ್ತೊಂದು ಮಂದಿಯದು ಷಡಕ್ಷರಪ್ಪನ ಥರ. ಕೊಬ್ಬರಿ ರೇಟು ಬಿದ್ದದ್ದರಿಂದ ಆದ ತೂತು. ಈಗ ತಾವು ದೊಡ್ಡವರು, ಹೇಳಿ. ಕಲ್ಲೇಶಪ್ಪನೂ ಷಡಕ್ಷರಪ್ಪನೂ ನಾಳೆ ತಮ್ಮ ಮೇಜಿನ ಮುಂದೆ ನಿಂತು ತಲಾ ಒಂದು ಲಕ್ಷ ಕೇಳಿದರೆ, ತಾವು ಎರಡನ್ನೂ ಕೂಡಿ ಎರಡು ಲಕ್ಷದ ಬೇಡಿಕೆ, ಊರು ಉದ್ಧಾರವಾಯಿತು ಎಂದು ಮತ್ತೊಂದು ಭಾಷಣ ಮಾಡುವಿರಾ? ಒಬ್ಬನದು ಬೆಳೆಯುವ ಮಗುವಿನ ಹಸಿವು, ಇನ್ನೊಬ್ಬನದು ಜ್ವರದ ಬಾಯಾರಿಕೆ. ಇಬ್ಬರಿಗೂ ಕೊಡಬೇಕಾದದ್ದು ಕೊಡಬೇಕು, ಆದರೆ ಎರಡೂ ಒಂದೇ ಎನ್ನುವವರು ನಾಡಿ ನೋಡುವ ಕೆಲಸಕ್ಕೆ ಹೋಗಬಾರದು. ಎಷ್ಟು ಕೇಳಿದರು ಎಂದು ಮಾತ್ರ ನೋಡಿದರೆ ಊರಿನ ಸ್ಥಿತಿ ತಿಳಿಯುವುದಿಲ್ಲ. ಯಾಕೆ ಕೇಳಿದರು ಎಂಬ ಕಾಲಂ ಒಂದು ತಮ್ಮ ರಿಜಿಸ್ಟರಿನಲ್ಲಿ ಇಲ್ಲ. ಕೇಳಲಾಗದೆ ಯಾಕೆ ಸುಮ್ಮನಾದರು ಎಂಬುದಂತೂ ಇಲ್ಲವೇ ಇಲ್ಲ. ಅದಕ್ಕೆ ಉತ್ತರ ನಾನೇ ಆಗಿದ್ದೆ.

ಈ ಪತ್ರದ ಕರಡನ್ನು ನಿನ್ನೆ ಶರ್ಮಿಳಾಳಿಗೆ ಓದಲು ಕೊಟ್ಟೆ. ಓದಿ ಮುಗಿಸಿ, “ಇದೆಲ್ಲ ಪೇಪರಲ್ಲಿ ಬಂದ್ರೆ ನಿಮ್ಮ ಮರ್ಯಾದೆ ಅತ್ತೆ?” ಅಂದಳು.

“ನಲವತ್ತು ವರ್ಷ ಜೋಪಾನವಾಗಿ ಇಟ್ಕಂಡಿದ್ದೆ ಕಣೇ. ಅದಕ್ಕೆ ಯಾರೂ ಬಡ್ಡಿ ಕೊಡ್ಲಿಲ್ಲ.”

ಅವಳು ನಕ್ಕಳು. ಬ್ಯಾಂಕಿನಿಂದ ಬಂದ ಮೇಲೆ ಮೊದಲ ಸಲ ನಕ್ಕದ್ದು.

ಆದ್ದರಿಂದ ನಾನು ಕೇಳುವುದು ಇದು. ೨೦೦೨ರ ಆ ರಿಜಿಸ್ಟರನ್ನು ರದ್ದು ಮಾಡಿ. ಅದರಲ್ಲಿ ಇರುವುದು ಒಬ್ಬ ಹೆಂಗಸಿನ ಜಂಬ, ಒಂದು ಊರಿನ ಸ್ಥಿತಿಯಲ್ಲ. ಇನ್ನೊಮ್ಮೆ ಯಾರನ್ನಾದರೂ ಕಳಿಸಿ. ಮಂಗಳವಾರ ಬೇಡ. ಬೀದಿಯಲ್ಲಿ ನಿಂತು ಕೂಗುವುದು ಬೇಡ. ಒಳಗೆ ಬಂದು ಕೂತು, ಕಾಫಿ ಕುಡಿದು, ನಾನು ಕೇಳಿದ ಪ್ರಶ್ನೆ ಕೇಳಲಿ. ನನ್ನ ನೋಟ್‌ಬುಕ್ ಬೇಕಾದರೆ ಕೊಡುತ್ತೇನೆ, ರಸೀದಿ ಕೊಟ್ಟು ತೆಗೆದುಕೊಂಡು ಹೋಗಿ. ಅಲ್ಲಿಯವರೆಗೆ ಸಾಲದ ಮೇಜು ಗಂಡಸಿಯಲ್ಲೇ ಇರಲಿ. ಅಂಗಡಿ ಬಿಟ್ಟು ಹಾಸನಕ್ಕೆ ಬಸ್ಸು ಹತ್ತಿ ಹೋಗಿ ಸಾಲ ಕೇಳುವವರು ಇನ್ನೂ ಕಡಿಮೆಯಾಗುತ್ತಾರೆ, ಆಗ ತಾವು ಅದನ್ನೂ ಒಂದು ಸೂಚನೆ ಎನ್ನುತ್ತೀರಿ.

ಮತ್ತು ಯುಗಾದಿಗೆ ಮೊದಲು ಶರ್ಮಿಳಾಳ ಅರ್ಜಿಯನ್ನು ಓದಿ. ಕೊಡಲೇಬೇಕು ಎಂದು ನಾನು ಹೇಳುವುದಿಲ್ಲ. ಬಂದು ತುರಿ ನೋಡಿ, ಬೇಕರಿಯವರ ಕಾಗದ ನೋಡಿ, ಅವಳ ಲೆಕ್ಕ ನೋಡಿ. ತುರಿ ದಪ್ಪವಾಯಿತು ಎನ್ನಿ, ಲೆಕ್ಕ ತಪ್ಪಿದೆ ಎನ್ನಿ, ಹೆಂಗಸು ತೀರಿಸಲಾರಳು ಎಂದು ಬೇಕಾದರೂ ನನ್ನ ಮುಂದೆ ಬಂದು ಹೇಳಿ, ಉತ್ತರ ಕೊಡುತ್ತೇನೆ. ಆದರೆ ಕೇಳಲು ಬಂದು ಎದುರು ನಿಂತವಳನ್ನು ನೋಡಿಯೂ, ಕೇಳುವವರೇ ಇಲ್ಲ ಎಂದು ಬರೆಯಬೇಡಿ.

ಹೊಸ ರಿಜಿಸ್ಟರಿನ ಮೊದಲನೆಯ ಸಾಲನ್ನು ಈಗಲೇ ತುಂಬಿಕೊಳ್ಳಬಹುದು. ಮುಂಗಡವಲ್ಲ, ಕೈಗಡವಲ್ಲ. ನಮ್ಮ ಮನೆಗೆ ಸಾಲ ಬೇಕು. ಕೆಳಗಿನವರ ಸಾಲುಗಳಲ್ಲಿ ಸದರಿ ಎಂದು ಬರೆಯದೆ, ಒಬ್ಬೊಬ್ಬರನ್ನೂ ಅವರವರ ಬಾಯಿಂದಲೇ ಕೇಳಿ.

ಇಂತಿ,
ಎಂಬತ್ತನಾಲ್ಕು ಮನೆಗಳ ಪರವಾಗಿ, ಯಾರೂ ಕೇಳಿಕೊಳ್ಳದೆ, ಒಂದೇ ಉಸಿರಿಗೆ ಬೇಡ ಎಂದವಳು,
ಸುವರ್ಣಮ್ಮ ಕೋಂ ಕರಿಬಸವಯ್ಯ
ಪೇಟೆ ಬೀದಿ, ಗಂಡಸಿ, ಅರಸೀಕೆರೆ ತಾಲ್ಲೂಕು